ಗುರುವಾರದ ಮನೆ ಪ್ರಾರ್ಥನೆ: ಶಿವಮೊಗ್ಗದ ಒಂದು ಮೆಥೋಡಿಸ್ಟ್ ಸಭೆಯಲ್ಲಿ ಎರಡು ವರ್ಷ

ವರ್ಗಾವಣೆಯ ಮೇಲೆ ಊರು ಬದಲಿಸುವ ಕುಟುಂಬಕ್ಕೆ ಬಾಡಿಗೆ ಮನೆ, ಮಕ್ಕಳ ಶಾಲೆ, ಗ್ಯಾಸ್ ಸಂಪರ್ಕ ಎಲ್ಲ ಒಂದು ಹದಕ್ಕೆ ಬಂದ ಮೇಲೂ ಒಂದು ಪ್ರಶ್ನೆ ಉಳಿದಿರುತ್ತದೆ: ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗುವುದು? ಬೀದರ್ ಕಡೆಯಿಂದ ಶಿವಮೊಗ್ಗಕ್ಕೆ ಬಂದ ನಮಗೆ ಇದಕ್ಕೆ ಉತ್ತರ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಹಾಗೆ ಸಿಕ್ಕ, ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡವಾದ ಮೆಥೋಡಿಸ್ಟರ ಸಣ್ಣ ಸಭೆಯೊಂದಕ್ಕೆ (ಚರ್ಚಿಗೆ) ಈಗ ಎರಡು ವರ್ಷದಿಂದ ಹೋಗುತ್ತಿದ್ದೇವೆ. ಮೆಚ್ಚುಗೆಯ ಜೊತೆಗೆ ಒಂದೆರಡು ದೂರುಗಳನ್ನೂ ಬರೆಯಬೇಕಾಗಿರುವುದರಿಂದ ಸಭೆಯ ಹೆಸರನ್ನು ಹೇಳುತ್ತಿಲ್ಲ. ಆದರೆ ಹೊಸ ಊರಿನಲ್ಲಿ ಸಭೆಯನ್ನು ಹುಡುಕುವವರು ಏನನ್ನು ನೋಡಬೇಕು ಎಂಬುದಕ್ಕೆ ನಮ್ಮ ಅನುಭವ ಉಪಯೋಗಕ್ಕೆ ಬಂದೀತು. ಮೊದಲೇ ಹೇಳಿಬಿಡುತ್ತೇನೆ. ಭಾನುವಾರದ ಆರಾಧನೆಯೊಂದನ್ನೇ ನೋಡಿ ನಿರ್ಧರಿಸಿದ್ದರೆ ನಾವು ಈ ಸಭೆಯನ್ನು ಬಿಟ್ಟು ಬೇರೆಡೆಗೆ ಹೋಗಿರುತ್ತಿದ್ದೆವು. ನಮ್ಮನ್ನು ಇಲ್ಲಿ ಉಳಿಸಿದ್ದು ಗುರುವಾರ ಸಂಜೆಯ ಮನೆ ಪ್ರಾರ್ಥನೆ.

ಹುಡುಕಾಟಕ್ಕೆ ಅಷ್ಟು ದಿನ ಹಿಡಿದದ್ದಕ್ಕೆ ಬೋರ್ಡುಗಳೂ ಒಂದು ಕಾರಣ. ಮೈಸೂರು ಸಂಸ್ಥಾನದಲ್ಲಿ 19ನೇ ಶತಮಾನದಲ್ಲಿ ಕೆಲಸ ಮಾಡಿದ ಮೆಥೋಡಿಸ್ಟರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು. ಶಿವಮೊಗ್ಗವೂ ಅವರ ಕಾರ್ಯಕ್ಷೇತ್ರವಾಗಿತ್ತು. ಅವರು ಬೆಳೆಸಿದ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ನಾವೆಲ್ಲ ಸಿ.ಎಸ್.ಐ. ಎಂದು ಕರೆಯುವ ಸಭೆಯಲ್ಲಿ, ಸೇರಿಹೋದವು. ನಮ್ಮ ಬೀದರ್ ಕಡೆಯ ಸಭೆಗಳು ಅಮೆರಿಕದ ಮಿಷನ್ನಿನಿಂದ ಬಂದವು. ಅವು ಆ ಐಕ್ಯದಲ್ಲಿ ಸೇರಲಿಲ್ಲ, 1981ರಲ್ಲಿ ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವತಂತ್ರ ಸಭೆಯಾದವು. ಹೀಗಾಗಿ ಹಳೆಯ ಮೈಸೂರು ಸೀಮೆಯಲ್ಲಿ ಮೆಥೋಡಿಸ್ಟ್ ಎಂಬ ಬೋರ್ಡನ್ನೇ ಹುಡುಕುವವರು, ಮೆಥೋಡಿಸ್ಟರ ಹಾಡು, ಮೆಥೋಡಿಸ್ಟರ ಸ್ತ್ರೀಸಮಾಜ, ಮೆಥೋಡಿಸ್ಟರ ಪದ್ಧತಿ ಎಲ್ಲವೂ ಇರುವ ಒಂದು ಸಿ.ಎಸ್.ಐ. ಸಭೆಯ ಮುಂದೆಯೇ ತಿಳಿಯದೆ ಹಾದುಹೋಗಬಹುದು. ನಮಗೆ ಸಿಕ್ಕಿದ್ದು ಮೆಥೋಡಿಸ್ಟ್ ಬೋರ್ಡಿನ ಸಭೆಯೇ, ಆದರೆ ಅಲ್ಲಿ ಎರಡೂ ಕಡೆಯ ಮನೆತನಗಳಿವೆ. ಭದ್ರಾವತಿಯ ಉಕ್ಕು ಮತ್ತು ಕಾಗದ ಕಾರ್ಖಾನೆಗಳ ಕೆಲಸಕ್ಕೆಂದು ಅಜ್ಜನ ಕಾಲದಲ್ಲಿ ಬಂದು ನೆಲೆಸಿದವರಿದ್ದಾರೆ, ತೀರ್ಥಹಳ್ಳಿ ಕಡೆಯ ತೋಟಗಳಿಂದ ಬರುವವರಿದ್ದಾರೆ, ನಮ್ಮಂತೆ ಬ್ಯಾಂಕು, ಶಾಲೆ, ಆಸ್ಪತ್ರೆಗಳ ನೌಕರಿಗೆ ಬಂದವರಿದ್ದಾರೆ.

ಆರಾಧನೆ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಆರಂಭವಾಗುತ್ತದೆ, ಇದು ಮೆಚ್ಚಬೇಕಾದ ಶಿಸ್ತು. ಆದರೆ ಒಳಗೆ ಹೋಗಲು ಹದಿನಾಲ್ಕು ಮೆಟ್ಟಿಲು ಹತ್ತಬೇಕು. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಆ ಕಲ್ಲುಗಳ ಮೇಲೆ ಪಾಚಿ ಕಟ್ಟುತ್ತದೆ, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಮಂಡಿನೋವಿರುವ ನಮ್ಮ ಅತ್ತೆಯವರನ್ನು ಯುವಕರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು. ಅವರ ಪ್ರೀತಿಯಲ್ಲಿ ಏನೂ ಕೊರತೆಯಿರಲಿಲ್ಲ, ಆದರೂ ಎಲ್ಲರೂ ನೋಡುತ್ತಿರುವಾಗ ಹೊರಿಸಿಕೊಂಡು ಹೋಗುವ ಸಂಕೋಚಕ್ಕೆ ಅತ್ತೆ ಮುಂದಿನ ಎರಡು ಭಾನುವಾರ ಮನೆಯಲ್ಲೇ ಉಳಿದರು. ಕಟ್ಟಡದ ನಿಧಿ ಸಂಗ್ರಹವಾಗುತ್ತಿರುವ ಸಭೆ ಗೋಪುರಕ್ಕೆ ಬಣ್ಣ ಬಳಿಯುವ ಮೊದಲು ಒಂದು ಇಳಿಜಾರು ದಾರಿಯನ್ನು ಕಟ್ಟಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸಮಿತಿಯವರಿಗೆ ಇದನ್ನು ಬರೆದೂ ಕೊಟ್ಟಿದ್ದೇನೆ.

ಹಾಡುಗಾರಿಕೆ ಚೆನ್ನಾಗಿದೆ. ಮೆಥೋಡಿಸ್ಟ್ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿಯವರ ತಮ್ಮ ಚಾರ್ಲ್ಸ್ ವೆಸ್ಲಿ 6000ಕ್ಕೂ ಹೆಚ್ಚು ಗೀತೆಗಳನ್ನು ರಚಿಸಿದರು. ಹಾಡುತ್ತ ಕಲಿಯುವುದು ಮೆಥೋಡಿಸ್ಟರಿಗೆ ಹುಟ್ಟಿನಿಂದಲೇ ಬಂದ ಅಭ್ಯಾಸ. ಇಲ್ಲಿ ಮೊದಲ ಗೀತೆಯನ್ನು ಕೀಬೋರ್ಡಿನೊಂದಿಗೆ ಇಂಗ್ಲಿಷ್ ರಾಗದಲ್ಲಿ, ಪ್ರಸಂಗಕ್ಕೆ (ಪಾದ್ರಿಯ ಉಪದೇಶಕ್ಕೆ) ಮುಂಚಿನ ಕೀರ್ತನೆಯನ್ನು ಹಾರ್ಮೋನಿಯಂ ಮತ್ತು ತಬಲಾದೊಂದಿಗೆ ದೇಶೀ ರಾಗದಲ್ಲಿ ಹಾಡುತ್ತಾರೆ. ಆ ಎರಡನೆಯದರಲ್ಲಿ ಹಿಂದಿನ ಬೆಂಚಿನ ಮುದುಕರ ದನಿ ಗಾಯಕರ ತಂಡದ ದನಿಯನ್ನೂ ಮೀರುತ್ತದೆ. ಗೀತೆಯ ಪುಸ್ತಕ ಇಲ್ಲದ ಹೊಸಬರು ಮಾತ್ರ ಸುಮ್ಮನೆ ನಿಲ್ಲಬೇಕಾಗುತ್ತದೆ. ಪರದೆಯ ಮೇಲೆ ಮೂಡುವ ಅಕ್ಷರಗಳು ಐದನೇ ಬೆಂಚಿನ ಹಿಂದಿನವರಿಗೆ ಕಾಣುವುದಿಲ್ಲ, ಸ್ಪೀಕರುಗಳ ಸದ್ದು ಸಣ್ಣ ಕಟ್ಟಡಕ್ಕೆ ತೀರಾ ಹೆಚ್ಚು. ಪ್ರಸಂಗ ಹಲವು ಸಲ ಐವತ್ತು ನಿಮಿಷಗಳನ್ನು ದಾಟುತ್ತದೆ. ನಮ್ಮ ಕಡೆ ಪಾದ್ರಿ ಎನ್ನುವವರನ್ನು ಇಲ್ಲಿನವರು ಅಯ್ಯನವರು ಎನ್ನುತ್ತಾರೆ. ಈಗಿನ ಅಯ್ಯನವರು ಸತ್ಯವೇದವನ್ನು (ಬೈಬಲನ್ನು) ಆಳವಾಗಿ ಓದಿಕೊಂಡವರು, ಆದರೆ ಅರ್ಧ ಗಂಟೆಯಲ್ಲಿ ಮನಸ್ಸಿಗೆ ತಾಗಿದ ಮಾತು ಮುಂದಿನ ಇಪ್ಪತ್ತು ನಿಮಿಷಗಳಲ್ಲಿ ಸಡಿಲಾಗುತ್ತದೆ.

ತಿಂಗಳ ಮೊದಲ ಭಾನುವಾರದ ಕರ್ತನ ಭೋಜನದ ಬಗ್ಗೆ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಿರಸವನ್ನು ಹಂಚಿಕೊಳ್ಳುವ ಸಂಸ್ಕಾರದ ಬಗ್ಗೆ, ಒಂದು ಮಾತು ಹೇಳಲೇಬೇಕು. ಮೆಥೋಡಿಸ್ಟರು ಇದಕ್ಕೆ ಮದ್ಯದ ಅಂಶವಿಲ್ಲದ ದ್ರಾಕ್ಷಿರಸವನ್ನು ಬಳಸುತ್ತಾರೆ. 1869ರಲ್ಲಿ ಅಮೆರಿಕದ ಥಾಮಸ್ ಬ್ರಾಮ್‌ವೆಲ್ ವೆಲ್ಚ್ ಎಂಬ ಮೆಥೋಡಿಸ್ಟ್ ದಂತವೈದ್ಯರು ರಸವನ್ನು ಹುಳಿಯೇರದಂತೆ ಬಿಸಿ ಮಾಡಿ ಇಡುವ ಕ್ರಮವನ್ನು ಕಂಡುಕೊಂಡದ್ದೇ ಈ ಮೇಜಿಗಾಗಿ. ಇಲ್ಲಿ ಅದನ್ನು ಅಂಗಡಿಯಿಂದ ತರುವುದಿಲ್ಲ. ಶನಿವಾರ ಸಂಜೆ ಸ್ತ್ರೀಸಮಾಜದ ಇಬ್ಬರು ಸರದಿಯಂತೆ ಒಬ್ಬರ ಮನೆಯಲ್ಲಿ ಸೇರಿ, ಕಪ್ಪು ದ್ರಾಕ್ಷಿಯನ್ನು ಮೂರು ನೀರಿನಲ್ಲಿ ತೊಳೆದು, ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕುದಿಸಿ, ಸಿಪ್ಪೆ ಒಡೆದು ರಸ ಬಿಟ್ಟ ಮೇಲೆ ಬಿಳಿ ಪಂಚೆಯಲ್ಲಿ ಸೋಸುತ್ತಾರೆ. ನನ್ನ ಸರದಿ ಬಂದಾಗ ನಮ್ಮ ಅಡುಗೆಮನೆಯಲ್ಲಿಯೇ ಆ ಕೆಲಸ ನಡೆಯಿತು. ಮರುದಿನ ಪವಿತ್ರ ಮೇಜಿನ ಮುಂದೆ ಮೊಣಕಾಲೂರಿ ಸಣ್ಣ ಲೋಟವನ್ನು ಕೈಗೆತ್ತಿಕೊಂಡಾಗ ನನ್ನ ಬೆರಳುಗಳಲ್ಲಿ ಆ ನೇರಳೆ ಬಣ್ಣ ಇನ್ನೂ ಉಳಿದಿತ್ತು. ಪರಸ್ಥಳದಲ್ಲಿದ್ದೇನೆ ಎಂಬ ಭಾವ ನನ್ನನ್ನು ಬಿಟ್ಟದ್ದು ಆ ದಿನ.

ಈಗ ಗುರುವಾರದ ವಿಷಯ. ಸಭೆಯ ಮನೆಗಳನ್ನು ಬಡಾವಣೆಗಳ ಪ್ರಕಾರ ಹನ್ನೆರಡರ ಆಸುಪಾಸಿನ ಗುಂಪುಗಳಾಗಿ ಮಾಡಿದ್ದಾರೆ. ಪ್ರತಿ ಗುರುವಾರ ಸಂಜೆ ಆರೂವರೆಗೆ ಆಯಾ ಗುಂಪಿನವರು ಒಬ್ಬರ ಮನೆಯಲ್ಲಿ ಸೇರುತ್ತಾರೆ. ಬೇರೆ ಸಭೆಗಳಲ್ಲಿಯೂ ಕಾಟೇಜ್ ಪ್ರಾರ್ಥನೆ ಎಂಬ ಹೆಸರಿನಲ್ಲಿ ಇಂಥ ಕೂಟಗಳು ನಡೆಯುತ್ತವೆ, ಆದರೆ ಹಲವೆಡೆ ಅದು ಇನ್ನೊಂದು ಪ್ರಸಂಗವಾಗಿ ಮುಗಿಯುತ್ತದೆ. ಈ ಸಭೆ ಅದನ್ನು ಮೆಥೋಡಿಸ್ಟರ ಹಳೆಯ ಕ್ಲಾಸ್ ಮೀಟಿಂಗ್ ಪದ್ಧತಿಯಲ್ಲಿಯೇ ನಡೆಸುತ್ತದೆ. ಆ ಪದ್ಧತಿ ಹುಟ್ಟಿದ್ದು ಸಾಲದಿಂದ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ವೆಸ್ಲಿಯವರು ಕಟ್ಟಿಸಿದ ಪ್ರಾರ್ಥನಾ ಮಂದಿರದ ಸಾಲವನ್ನು ತೀರಿಸುವುದು ಹೇಗೆಂದು 1742ರ ಫೆಬ್ರವರಿಯಲ್ಲಿ ಚರ್ಚೆ ನಡೆದಾಗ, ಫಾಯ್ ಎಂಬ ಕ್ಯಾಪ್ಟನ್ ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದರು. ಬಡವರು ಎಲ್ಲಿಂದ ಕೊಡಬೇಕೆಂಬ ಆಕ್ಷೇಪ ಬಂದಾಗ, ತೀರಾ ಬಡವರಾದ ಹನ್ನೊಂದು ಜನರನ್ನು ನನಗೇ ವಹಿಸಿ, ಅವರಿಗೆ ಆಗದಿದ್ದರೆ ಅವರ ಪಾಲನ್ನೂ ನಾನೇ ಕೊಡುತ್ತೇನೆ ಎಂದು ಹೊಣೆ ಹೊತ್ತರು. ಹೀಗೆ ವಾರವಾರವೂ ಹಣಕ್ಕಾಗಿ ಮನೆಮನೆಗೆ ಹೋದ ಮುಖಂಡರಿಗೆ ಯಾರ ಮನೆಯಲ್ಲಿ ಕಾಯಿಲೆಯಿದೆ, ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಯಾರು ಕುಗ್ಗಿಹೋಗಿದ್ದಾರೆ ಎಂಬುದು ಕಣ್ಣಿಗೆ ಬೀಳತೊಡಗಿತು. ಬಹುಕಾಲದಿಂದ ತಾವು ಹುಡುಕುತ್ತಿದ್ದ ಪಾಲನೆಯ ದಾರಿ ಇದೇ ಎಂದು ವೆಸ್ಲಿಯವರು ಗುರುತಿಸಿದರು. ಮನೆಮನೆಗೆ ಹೋಗುವುದು ಕಷ್ಟವಾದಾಗ ಎಲ್ಲರೂ ಒಂದೆಡೆ ಸೇರುವ ಕ್ರಮ ಬಂದಿತು. ನಮ್ಮ ಮಹಿಳಾ ಸ್ವಸಹಾಯ ಸಂಘಗಳಲ್ಲಿ ವಾರದ ಉಳಿತಾಯಕ್ಕೆಂದು ಸೇರಿದವರು ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ನಿಲ್ಲುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಗುಂಪಿನ ಮುಖಂಡರು ನಿವೃತ್ತ ನರ್ಸ್. ಎಲ್ಲರೂ ಅವರನ್ನು ನರ್ಸಮ್ಮ ಎಂದೇ ಕರೆಯುತ್ತಾರೆ. ಅವರ ಚೀಲದಲ್ಲಿ ಕಂದು ಕಾಗದದ ಹೊದಿಕೆ ಹಾಕಿದ ಇನ್ನೂರು ಪುಟದ ಒಂದು ಲಾಂಗ್ ಬುಕ್ ಇರುತ್ತದೆ. ಎಡಬದಿಯಲ್ಲಿ ನಮ್ಮೆಲ್ಲರ ಹೆಸರುಗಳು, ಅವುಗಳ ಮುಂದೆ ವಾರದ ತಾರೀಖು, ಅದರಾಚೆ ಆಸ್ಪತ್ರೆಯಲ್ಲಿ ಬರೆದು ಅಭ್ಯಾಸವಾದ ಅವರ ಒತ್ತೊತ್ತಾದ ಅಕ್ಷರಗಳಲ್ಲಿ ಒಂದೆರಡು ಪದಗಳು: 'ಮಗನ ಪರೀಕ್ಷೆ', 'ಬಿ.ಪಿ. ಮಾತ್ರೆ ಬಿಟ್ಟಿದ್ದಾರೆ', 'ಅಣ್ಣನೊಂದಿಗೆ ಮಾತಿಲ್ಲ'. ಒಂದು ಹಾಡು, ಒಂದು ವಾಚನ ಮುಗಿದ ಮೇಲೆ ಅವರು ಒಬ್ಬೊಬ್ಬರ ಕಡೆಗೂ ತಿರುಗಿ ಕೇಳುವುದು ಒಂದೇ ಪ್ರಶ್ನೆ. ವೆಸ್ಲಿಯವರ ಕಾಲದಲ್ಲಿ ನಿಮ್ಮ ಆತ್ಮ ಹೇಗಿದೆ ಎಂದು ಕೇಳುತ್ತಿದ್ದರಂತೆ. ನರ್ಸಮ್ಮ ಕೇಳುವುದು, "ಈ ವಾರ ಒಳಗೆ ಹೇಗಿದೆ ಹೇಳಿ" ಎಂದು.

ಮೊದಲ ಸಲ ನನ್ನ ಸರದಿ ಬಂದಾಗ "ಚೆನ್ನಾಗಿದ್ದೇನೆ ಅಮ್ಮಾ" ಎಂದುಬಿಟ್ಟೆ. ಅವರು ಒತ್ತಾಯಿಸಲಿಲ್ಲ. "ಆಗಲಿ ಮಗಳೇ, ಹೇಳಬೇಕು ಅನ್ನಿಸಿದಾಗ ಹೇಳು" ಎಂದು ಮುಂದಿನವರ ಕಡೆಗೆ ತಿರುಗಿದರು. ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು, ಕರೆಂಟು ಹೋಗಿತ್ತು. ಮುಂದಿನವರು ಕೆಲಸ ಕಳೆದುಕೊಂಡ ಮಧ್ಯವಯಸ್ಕರು. ಮೇಣದಬತ್ತಿಯ ಬೆಳಕಿನಲ್ಲಿ ಅವರು ತಮ್ಮ ಭಯವನ್ನು ಹೇಳಿಕೊಂಡರು, ಯಾರೂ ಉಪದೇಶ ಮಾಡಲಿಲ್ಲ, ಬುದ್ಧಿ ಹೇಳಲಿಲ್ಲ, ಒಬ್ಬರು ಪ್ರಾರ್ಥಿಸಿದರು. ಅದರ ಮರುವಾರ ನಾನೂ ಬಾಯಿಬಿಟ್ಟೆ. ಕಳೆದ ಚಳಿಗಾಲದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ ಆಸ್ಪತ್ರೆಯ ಹನ್ನೊಂದು ರಾತ್ರಿಗಳನ್ನು ಈ ಗುಂಪಿನವರೇ ಸರದಿ ಹಾಕಿಕೊಂಡು ಕಳೆದರು. ಬೆಳಿಗ್ಗೆ ಒಬ್ಬರ ಮನೆಯಿಂದ ಕಡುಬು ಚಟ್ನಿ, ಮಧ್ಯಾಹ್ನ ಇನ್ನೊಬ್ಬರ ಮನೆಯಿಂದ ಗಂಜಿ ಬರುತ್ತಿತ್ತು. ಜೋಳದ ರೊಟ್ಟಿಯ ಸೀಮೆಯ ನಮ್ಮ ಅತ್ತೆಗೆ ಕಡುಬು ಒಗ್ಗುವುದಿಲ್ಲವೆಂದು ತಿಳಿದ ಭದ್ರಾವತಿಯ ಅಜ್ಜಿಯೊಬ್ಬರು ಜೋಳದ ಹಿಟ್ಟನ್ನು ಎಲ್ಲಿಂದಲೋ ತರಿಸಿ, ಬಡಿಯಲು ಬಾರದಿದ್ದರೂ ಲಟ್ಟಿಸಿ ರೊಟ್ಟಿ ಮಾಡಿ ಕಳಿಸಿದರು. ಅಂಚು ಒಡೆದ ದಪ್ಪ ರೊಟ್ಟಿ. ಅತ್ತೆ ಅದನ್ನು ಪೂರ್ತಿ ತಿಂದರು.

ಇಷ್ಟು ಒಳ್ಳೆಯ ಸಭೆಯಲ್ಲಿ ನನ್ನನ್ನು ತೀವ್ರವಾಗಿ ನೋಯಿಸಿದ್ದು ಕಾಣಿಕೆಯ ಘೋಷಣೆ. ಕೃತಜ್ಞತಾ ಕಾಣಿಕೆ ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಮೈಕಿನಲ್ಲಿ ಓದುವ ರೂಢಿಯಿತ್ತು. ಐದು ಸಾವಿರದ ಹೆಸರಿನ ನಂತರ ಐವತ್ತು ರೂಪಾಯಿಯ ಹೆಸರು ಬಂದಾಗ ನನ್ನ ಪಕ್ಕದಲ್ಲಿ ಕುಳಿತಿದ್ದ, ಮನೆಗೆಲಸ ಮಾಡಿ ಬದುಕುವ ಹೆಂಗಸು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಲೆ ತಗ್ಗಿಸಿದ್ದನ್ನು ಕಂಡೆ. ಬಡವರ ಪಾಲನ್ನು ತಾನೇ ಕೊಡುತ್ತೇನೆಂದ ಕ್ಯಾಪ್ಟನ್ನನ ಪರಂಪರೆಯಲ್ಲಿ ಇದಕ್ಕೆ ಜಾಗವಿರಬಾರದು. ಅಯ್ಯನವರೊಂದಿಗೆ ಮಾತನಾಡಿದೆವು. ಅವರು ತಾಳ್ಮೆಯಿಂದ ಕೇಳಿದರು, ಸಮಿತಿಯಲ್ಲಿ ಎರಡು ಸಲ ಚರ್ಚೆಯಾಯಿತು, ಈಗ ಹೆಸರುಗಳನ್ನು ಮಾತ್ರ ಓದುತ್ತಾರೆ. ಹೆಸರೂ ಬೇಡ ಎಂಬುದು ನಮ್ಮ ಕೋರಿಕೆ. ಅದು ಇನ್ನೂ ಬಾಕಿಯಿದೆ.

ಸುಗ್ಗಿ ಹಬ್ಬದ ಹರಾಜಿನಲ್ಲಿ ಈ ತೊಡಕಿಲ್ಲ. ಅಡಿಕೆ ಗೊನೆ, ಹಸಿ ಶುಂಠಿ, ಕಾಳುಮೆಣಸು, ಚೀನಿಕಾಯಿ, ಕಾಲು ಕಟ್ಟಿದ ನಾಟಿ ಕೋಳಿ, ಎಲ್ಲವನ್ನೂ ಮೊದಲು ಪವಿತ್ರ ಮೇಜಿನ ಬಳಿ ಅರ್ಪಿಸಿ ಆಮೇಲೆ ಅಂಗಳಕ್ಕೆ ತರುತ್ತಾರೆ. ಕಳೆದ ಸಲ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದೇ ಭರಣಿ ನಾಲ್ಕು ಬಾರಿ ಹರಾಜಾಯಿತು, ಕೊಂಡವರೆಲ್ಲ ಅದನ್ನು ಮತ್ತೆ ಸಭೆಗೇ ಒಪ್ಪಿಸುತ್ತಿದ್ದರು. ಕೊನೆಗೆ ಅದು ಯಾರೂ ದಿಕ್ಕಿಲ್ಲದ ಒಬ್ಬ ಅಜ್ಜನ ಮನೆ ಸೇರಿತು.

ಮಕ್ಕಳಿಗೆ ಭಾನುವಾರ ಶಾಲೆ ಚೆನ್ನಾಗಿ ನಡೆಯುತ್ತದೆ. ಯುವಕರ ಸಂಘ ಕ್ರಿಸ್‌ಮಸ್ ಕ್ಯಾರಲ್ಸ್ ಸಮಯದಲ್ಲಿ ಜೀವಂತ, ಉಳಿದಂತೆ ಸದಸ್ಯರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿದ್ದಾರೆ. ಹೊಸ ವರ್ಷದ ಮೊದಲ ಭಾನುವಾರದ ಒಡಂಬಡಿಕೆಯ ಆರಾಧನೆಯನ್ನು ತಪ್ಪಿಸಿಕೊಳ್ಳಬೇಡಿ. ವೆಸ್ಲಿಯವರು 1755ರಲ್ಲಿ ಆರಂಭಿಸಿದ ಈ ಆರಾಧನೆಯಲ್ಲಿ, ಕೆಲಸ ಕೊಟ್ಟರೂ ಸರಿ, ಬದಿಗೆ ಸರಿಸಿದರೂ ಸರಿ, ನಾನು ನಿನ್ನವನೇ ಎಂಬರ್ಥದ ಮಾತುಗಳನ್ನು ಸಭೆಯೆಲ್ಲ ಒಟ್ಟಾಗಿ ದೇವರ ಮುಂದೆ ಹೇಳುತ್ತದೆ. ಆ ಮಳೆಯ ಸಂಜೆ ಕೆಲಸ ಕಳೆದುಕೊಂಡ ಸಂಗತಿಯನ್ನು ಹೇಳಿಕೊಂಡವರು ಈ ವರ್ಷ ಆ ಸಾಲುಗಳನ್ನು ಹೇಳುವಾಗ ನಮ್ಮ ಮುಂದಿನ ಬೆಂಚಿನಲ್ಲಿದ್ದರು. ಅವರ ದನಿ ಒಂದು ಕಡೆಯೂ ನಡುಗಲಿಲ್ಲ.

ಹೊಸದಾಗಿ ಬರುವವರಿಗೆ ಕೆಲವು ಸೂಚನೆ. ಮೊದಲ ಭೇಟಿಯನ್ನು ಭಾನುವಾರಕ್ಕಿಂತ ಗುರುವಾರಕ್ಕೇ ಇಟ್ಟುಕೊಳ್ಳಿ; ಅಯ್ಯನವರಿಗೆ ನಿಮ್ಮ ಬಡಾವಣೆಯನ್ನು ತಿಳಿಸಿದರೆ ಯಾವ ಗುಂಪು, ಈ ವಾರ ಯಾರ ಮನೆ ಎಂಬುದನ್ನು ಅವರೇ ಹೇಳುತ್ತಾರೆ. ಮಳೆಗಾಲವಾದರೆ ಟಾರ್ಚು ತನ್ನಿ, ಒಳ ಓಣಿಗಳಲ್ಲಿ ಬೀದಿದೀಪ ಕಡಿಮೆ. ಕಾಫಿ ಕುಡಿಯದೆ ಹೊರಡಲು ಯಾರೂ ಬಿಡುವುದಿಲ್ಲವಾದ್ದರಿಂದ ಎಂಟು ಗಂಟೆಯವರೆಗೆ ಬಿಡುವು ಮಾಡಿಕೊಂಡು ಬನ್ನಿ. ನಮ್ಮ ಗುಂಪಿಗೆ ಬಂದರೆ ನರ್ಸಮ್ಮ ಅಂದೇ ಲಾಂಗ್ ಬುಕ್ಕಿನಲ್ಲಿ ನಿಮ್ಮ ಹೆಸರಿಗೊಂದು ಸಾಲು ತೆಗೆಯುತ್ತಾರೆ.