ಗೇಜಿನ ಮುಳ್ಳು ಇಳಿದರೆ ಇಂಜಿನ್ ತಣ್ಣಗಾಯಿತೆಂದು ನಂಬಬೇಡಿ

ನಮ್ಮ ಮನೆಯಲ್ಲಿರುವುದು 1999ರ ಮಾರುತಿ 800, ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿ. ಕಳೆದ ಮೇ ತಿಂಗಳಲ್ಲಿ ಉಜಿರೆಯ ಕಡೆಯಿಂದ ಕೊಟ್ಟಿಗೆಹಾರಕ್ಕೆ ಚಾರ್ಮಾಡಿ ಘಾಟಿ ಹತ್ತುವಾಗ ಅದರ ಇಂಜಿನ್ ಕಾದು ಕೆಟ್ಟು ನಿಂತಿತು. ಎರಡು ತಿಂಗಳ ಮೊದಲಿನಿಂದಲೇ ಗಾಡಿ ತನ್ನ ರೋಗವನ್ನು ತೋರಿಸುತ್ತಿದ್ದರೂ ನಾನು ಮತ್ತು ನನ್ನ ಮೆಕ್ಯಾನಿಕ್ ನೋಡಲೇಬೇಕಾಗಿದ್ದ ಒಂದು ಜಾಗವನ್ನು ಬಿಟ್ಟು ಉಳಿದೆಲ್ಲವನ್ನೂ ಬಿಚ್ಚಿ ನೋಡಿದೆವು. ಹಳೆಯ ಗಾಡಿ ಇಟ್ಟುಕೊಂಡಿರುವ ಇತರರಿಗೆ ಇದೇ ಗತಿಯಾಗಬಾರದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಪೇಟೆಯೊಳಗೆ ಓಡಿಸುವಾಗ ಯಾವ ತೊಂದರೆಯೂ ಇರಲಿಲ್ಲ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹೆದ್ದಾರಿಯಲ್ಲಿ ಹೋದರೆ, ಅಥವಾ ಏರು ಸಿಕ್ಕಿದರೆ, ಟೆಂಪರೇಚರ್ ಗೇಜಿನ ಮುಳ್ಳು ಅರ್ಧ ದಾಟಿ ಮೇಲೇರುತ್ತಿತ್ತು. ಗ್ಯಾರೇಜಿನವರು ಮೊದಲು ಫ್ಯಾನಿನ ಸ್ವಿಚ್ ಬದಲಾಯಿಸಿದರು. ಈಗ ಯೋಚಿಸಿದರೆ ಅಲ್ಲಿಯೇ ತಪ್ಪಾಗಿತ್ತು: ಫ್ಯಾನ್ ಕೆಟ್ಟಿದ್ದರೆ ಗಾಡಿ ಸಿಗ್ನಲ್ಲಿನಲ್ಲಿ ನಿಂತಾಗ ಕಾಯಬೇಕೇ ಹೊರತು, ಎದುರುಗಾಳಿಯೇ ರೇಡಿಯೇಟರನ್ನು ತಣಿಸುವ ವೇಗದ ಓಟದಲ್ಲಿ ಅಲ್ಲ. ಎರಡನೆಯ ಸಲ ರೇಡಿಯೇಟರ್ ಬಿಚ್ಚಿ ತೊಳೆಸಿದರು. ಮೂರನೆಯ ಸಲ, "ನಮ್ಮ ಸೆಕೆಗೆ ಇದು ಬೇಕಾಗಿಯೇ ಇಲ್ಲ ಸರ್" ಎನ್ನುತ್ತ ನೀರು ಹದಕ್ಕೆ ಬಿಸಿಯಾಗುವವರೆಗೆ ಅದನ್ನು ರೇಡಿಯೇಟರಿಗೆ ಹೋಗಲು ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವನ್ನೇ ತೆಗೆದು ನನ್ನ ಕೈಗೆ ಕೊಟ್ಟರು. ಈ ಮಾತನ್ನು ನೀವೂ ಕೇಳಿರುತ್ತೀರಿ, ದಯವಿಟ್ಟು ಒಪ್ಪಬೇಡಿ. ಆ ವಾಲ್ವ್ ಇಲ್ಲದ ಇಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಮತ್ತು ನಿಜವಾದ ದೋಷ ಇನ್ನಷ್ಟು ದಿನ ಮರೆಯಾಗಿ ಉಳಿಯುತ್ತದೆ. ವಾಲ್ವ್ ಕೆಟ್ಟಿದೆಯೇ ಎಂಬುದನ್ನು ತಿಳಿಯಲು ಅದನ್ನು ಒಂದು ಪಾತ್ರೆ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟರೆ ಸಾಕು. ನೀರು ಕುದಿ ಬರುವ ಮೊದಲೇ ಅದು ಬಾಯಿ ತೆರೆಯಬೇಕು.

ಪ್ರತಿ ರಿಪೇರಿಯ ನಂತರವೂ ನಾಲ್ಕೈದು ದಿನ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಗುಣವಾಯಿತೆಂದು ನಾವು ಭಾವಿಸಿದೆವು. ವಾಸ್ತವವಾಗಿ ಪ್ರತಿ ಸಲವೂ ಕೆಲಸ ಮುಗಿದ ಮೇಲೆ ರೇಡಿಯೇಟರಿಗೆ ಹೊಸದಾಗಿ ನೀರು ತುಂಬುತ್ತಿದ್ದರು. ಅಷ್ಟು ದಿನದ ಸುಖ ಆ ನೀರಿನದಾಗಿತ್ತು.

ಘಾಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಏರಿದ ಮೇಲೆ ಮುಳ್ಳು ಕೆಂಪು ಗೆರೆಯ ಹತ್ತಿರ ಬಂತು. ನಿಲ್ಲಿಸಲು ಅಗಲವಾದ ಜಾಗ ಹುಡುಕುತ್ತಿರುವಾಗಲೇ ಅದು ತಾನಾಗಿ ಸರ್ರನೆ ಕೆಳಗಿಳಿಯಿತು. ಹಿಂದಿನ ಸೀಟಿನಲ್ಲಿದ್ದ ಅಮ್ಮನಿಗೆ "ಈಗ ಸರಿಹೋಯಿತು" ಎಂದು ಹೇಳಿ ಇನ್ನೂ ಮೂರು ಕಿಲೋಮೀಟರ್ ಓಡಿಸಿದೆ. ಗೇಜಿಗೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ನೀರು ಅದರ ಮಟ್ಟಕ್ಕಿಂತ ಕೆಳಗಿಳಿದು ಸುತ್ತ ಬರೀ ಗಾಳಿ, ಹಬೆ ಉಳಿದಾಗ, ಇಂಜಿನ್ ಒಳಗೊಳಗೇ ಬೇಯುತ್ತಿದ್ದರೂ ಮುಳ್ಳು ಇಳಿಯಬಹುದು. ಸ್ವಲ್ಪ ಹೊತ್ತಿನಲ್ಲಿ ಟಕಟಕ ಸದ್ದು ಕೇಳಿಸಿತು, ಎಳೆತ ಸತ್ತುಹೋಯಿತು, ಗಾಡಿ ನಿಂತಿತು.

ಇಳಿದು ಬಾನೆಟ್ ಎತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲಿದ್ದೆ. ಹಿಂದೆ ಬರುತ್ತಿದ್ದ ಲಾರಿಯ ಚಾಲಕರು ಅಲ್ಲಿಂದಲೇ ಕೂಗಿ ತಡೆಯದಿದ್ದರೆ ಇದನ್ನು ಬರೆಯುವ ಕೈ ಸುಟ್ಟಿರುತ್ತಿತ್ತು. ಬಿಸಿ ಇಂಜಿನ್ನಿನ ಮುಚ್ಚಳ ತೆರೆದರೆ ಒತ್ತಡ ಒಮ್ಮೆಲೇ ಇಳಿದು ಒಳಗಿನ ನೀರು ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಲೂ ಅವರು ಬಿಡಲಿಲ್ಲ, ಲೋಹ ಬಿರುಕು ಬಿಡುತ್ತದೆಂದರು. ಒಂದು ಗಂಟೆ ಕಾದೆವು.

ಗಾಡಿಯನ್ನು ಎಳೆಸಿಕೊಂಡು ಹೋದ ಎರಡನೆಯ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಮೊದಲು ಆಯಿಲ್ ಮುಚ್ಚಳ ತೆಗೆದು ತೋರಿಸಿದರು: ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ಜಿಡ್ಡು. ಆಯಿಲಿಗೆ ನೀರು ಸೇರಿತ್ತು. ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ, ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವೆ, ಹೆಡ್ಡಿನ ಕೆಳಗೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಸುಟ್ಟಿತ್ತು. ಆಮೇಲೆ ಅವರು ರೇಡಿಯೇಟರ್ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. ಅದರ ರಬ್ಬರ್ ವಾಷರ್ ಕಲ್ಲಾಗಿತ್ತು.

ಈ ಮುಚ್ಚಳ ಬರೀ ಮುಚ್ಚಳವಲ್ಲ. ಅದರ ಮೇಲೆ 0.9 ಎಂಬ ಅಂಕಿ ಇರುತ್ತದೆ. ಅಷ್ಟು ಒತ್ತಡವನ್ನು ಅದು ಹಿಡಿದಿಟ್ಟುಕೊಂಡರೆ ಒಳಗಿನ ನೀರು 100 ಡಿಗ್ರಿಗೆ ಕುದಿಯದೆ ಹೆಚ್ಚುಕಡಿಮೆ 118 ಡಿಗ್ರಿಯವರೆಗೂ ತಡೆದುಕೊಳ್ಳುತ್ತದೆ. ಇಂಜಿನ್ ಬಿಸಿಯಾದಾಗ ಹೆಚ್ಚಾದ ನೀರನ್ನು ಪಕ್ಕದ ಬಾಟಲಿಗೆ ಬಿಟ್ಟು, ತಣ್ಣಗಾದಾಗ ಮರಳಿ ಎಳೆದುಕೊಳ್ಳುವಂತೆ ಮಾಡುವುದೂ ಅದೇ. ನನ್ನ ಮುಚ್ಚಳ ನೀರನ್ನು ಬಿಡುತ್ತಿತ್ತು, ಮರಳಿ ಎಳೆದುಕೊಳ್ಳಲು ಬಿಡುತ್ತಿರಲಿಲ್ಲ. ಆದ್ದರಿಂದ ನಾನು ದಿನಾ ಬೆಳಿಗ್ಗೆ ನೋಡುತ್ತಿದ್ದ ಬಾಟಲಿ ಯಾವಾಗಲೂ ತುಂಬಿರುತ್ತಿತ್ತು, ರೇಡಿಯೇಟರ್ ಮಾತ್ರ ಬರಿದಾಗುತ್ತಿತ್ತು. ಬಾಟಲಿಯ ಕೆಳಗೆ ನೆಲದ ಮೇಲೆ ಕೂಲೆಂಟ್ ಬೆರೆತ ನೀರಿನ ಹಸಿರು ಕಲೆ ಬೀಳುತ್ತಿದ್ದುದನ್ನು ಪಕ್ಕದವರ ಕಾರಿನದೆಂದು ತಿಳಿದಿದ್ದೆ.

ಹಾಗಾಗಿ ನಿಮ್ಮ ಗಾಡಿ ಕಾಯುತ್ತಿದ್ದರೆ, ರಾತ್ರಿಯಿಡೀ ತಣ್ಣಗಾದ ಮೇಲೆ ಬೆಳಿಗ್ಗೆ ರೇಡಿಯೇಟರಿನ ಮುಚ್ಚಳವನ್ನೇ ತೆಗೆದು ಒಳಗೆ ಕತ್ತಿನವರೆಗೆ ನೀರಿದೆಯೇ ನೋಡಿ. ಇಲ್ಲದಿದ್ದರೆ ಬೇರೆ ಯಾವ ಭಾಗವನ್ನೂ ಬದಲಾಯಿಸುವ ಮೊದಲು ಆ ನೀರು ಎಲ್ಲಿಗೆ ಹೋಯಿತೆಂದು ಗ್ಯಾರೇಜಿನವರಿಂದ ಉತ್ತರ ಪಡೆಯಿರಿ. ನೀರು ತುಂಬಿಸಿ, ಮುಚ್ಚಳ ತೆರೆದಿಟ್ಟೇ ತಣ್ಣನೆಯ ಇಂಜಿನ್ ಚಾಲೂ ಮಾಡಿದಾಗ ಗುಳ್ಳೆಗಳು ನಿಲ್ಲದೆ ಏಳುತ್ತಲೇ ಇದ್ದರೆ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಬಿಸಿಯೇರುವ ಮೊದಲೇ ಈ ಪರೀಕ್ಷೆ ಮುಗಿಸಬೇಕು. ಒತ್ತಡ ಹಾಕಿ ಸೋರಿಕೆ ಹುಡುಕುವ ಕೈಪಂಪು ಒಳ್ಳೆಯ ಗ್ಯಾರೇಜುಗಳಲ್ಲಿ ಇರುತ್ತದೆ, ಕೇಳಿ ಹಾಕಿಸಿ. ಬೋರ್‌ವೆಲ್ ನೀರನ್ನಂತೂ ತುಂಬಬೇಡಿ, ಅದರ ಸುಣ್ಣ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲಿ ಕಟ್ಟಿಕೊಳ್ಳುತ್ತದೆ.

ಹೊಸ ಮುಚ್ಚಳಕ್ಕೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಹೆಡ್ ಇಳಿಸಿ, ಲೇತಿನಲ್ಲಿ ಮಟ್ಟ ಮಾಡಿಸಿ, ಗ್ಯಾಸ್ಕೆಟ್, ಆಯಿಲ್, ಕೂಲೆಂಟ್ ಎಲ್ಲ ಹಾಕಿಸಿ, ತೆಗೆದಿಟ್ಟಿದ್ದ ಥರ್ಮೋಸ್ಟಾಟನ್ನು ಮತ್ತೆ ಕೂರಿಸಲು 17,500 ರೂಪಾಯಿ ಖರ್ಚಾಯಿತು. ಈ ಹೆಡ್ಡನ್ನು ಇನ್ನೊಮ್ಮೆ ಉಜ್ಜುವಷ್ಟು ದಪ್ಪ ಉಳಿದಿಲ್ಲವೆಂದು ಲೇತಿನವರು ಹೇಳಿ ಕಳುಹಿಸಿದ್ದಾರೆ.