ಸುತ್ತಿಗೆಯ ಚಿತ್ರವಿರುವ ಡ್ರಿಲ್: ಎರಡೂವರೆ ವರ್ಷದ ಲೆಕ್ಕ

ಕಿಟಕಿಗೆ ಪರದೆಯ ಕಂಬಿ ಹಾಕಲು ಅರ್ಧ ಗಂಟೆ ಸಾಕೆಂದು ಏಣಿ ಹತ್ತಿದವಳು ನಾನು. ಎರಡು ಗಂಟೆಯ ನಂತರ ಇಳಿದಾಗ ಗೋಡೆಯಲ್ಲಿದ್ದದ್ದು ಒಂದೇ ತೂತು, ಅದರ ಆಳ 12 ಮಿಲಿಮೀಟರ್. ಬೇಕಿದ್ದದ್ದು ನಾಲ್ಕು ತೂತು, ಒಂದೊಂದೂ 40 ಮಿಲಿಮೀಟರ್. ಕೊರೆಯುವ ಸರಳು, ಅಂದರೆ ಬಿಟ್‌ನ ತುದಿ ನೀಲಿಗಟ್ಟಿತ್ತು, ಸುಟ್ಟ ವಾಸನೆ ಕೋಣೆಯ ತುಂಬ ಹರಡಿತ್ತು. ಡ್ರಿಲ್‌ನ ಕೊರಳಿನ ಉಂಗುರವನ್ನು ಸುತ್ತಿಗೆಯ ಚಿತ್ರಕ್ಕೇ ತಿರುಗಿಸಿದ್ದೆ, ಮೈಭಾರವನ್ನೆಲ್ಲ ಹಾಕಿ ಒತ್ತಿದ್ದೆ. ಕೆಳಗೆ ಏಣಿ ಹಿಡಿದು ನಿಂತಿದ್ದ ಅಮ್ಮ, "ಇಷ್ಟು ಸದ್ದಿಗೆ ಗೋಡೆಯೇ ಬೀಳಬೇಕಿತ್ತಲ್ಲೇ" ಎಂದಳು.

ಈ ಡ್ರಿಲ್ ನನ್ನ ಬಳಿಗೆ ಬಂದು ಎರಡೂವರೆ ವರ್ಷವಾಯಿತು. 18 ವೋಲ್ಟ್‌ನ ತಂತಿರಹಿತ ಯಂತ್ರ, ಕಾರ್ಬನ್ ಬ್ರಷ್ ಇರುವ ಮೋಟಾರು, ಕೀಲಿಯ ಗೊಡವೆಯಿಲ್ಲದೆ ಕೈಯಲ್ಲೇ ಬಿಗಿಯುವ, ಬಿಟ್ಟನ್ನು ಕಚ್ಚಿ ಹಿಡಿಯುವ 13 ಮಿಲಿಮೀಟರ್ ಚಕ್, ಎರಡು ಗೇರು, ಎರಡು ಬ್ಯಾಟರಿ, ಒಂದು ಚಾರ್ಜರ್. ಜೊತೆಗೆ ನೂರು ಬಿಡಿಸಾಮಾನುಗಳ ಒಂದು ಪೆಟ್ಟಿಗೆ. ಕಂಪನಿಯ ಹೆಸರು ಬರೆಯುವುದಿಲ್ಲ. ಬೈಯಬೇಕಾದ ಮಾತುಗಳು ಕೆಲವಿವೆ, ಅವು ಈ ದರ್ಜೆಯ ಹೆಚ್ಚಿನ ಯಂತ್ರಗಳಿಗೆ ಸಲ್ಲುವಂಥವು. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ.

ನನ್ನ ಉದ್ಯೋಗ ಕರಡು ತಿದ್ದುವುದು. ಇಡೀ ದಿನ ಪೆನ್ಸಿಲ್ ಹಿಡಿಯುವ ಮಣಿಕಟ್ಟು, ಒಂದು ಭಾನುವಾರ ಪುಸ್ತಕದ ಕಪಾಟು ಜೋಡಿಸಲು 64 ಸ್ಕ್ರೂಗಳನ್ನು ಕೈಯಿಂದಲೇ ತಿರುಗಿಸಿದ ಮೇಲೆ ಒಂದು ವಾರ ಮಾತು ಕೇಳಲಿಲ್ಲ. ಡ್ರಿಲ್ ಕೊಂಡದ್ದು ಆ ನೋವಿಗೆ, ತೂತು ಕೊರೆಯುವ ಆಸೆಗಲ್ಲ. ಹಾಗಾಗಿ ಮೊದಲು ಹೊಗಳುವುದನ್ನು ಹೊಗಳಿಬಿಡುತ್ತೇನೆ: ಸ್ಕ್ರೂ ಹಾಕುವ ಕೆಲಸದಲ್ಲಿ ಈ ಯಂತ್ರಕ್ಕೆ ಕೊಂಕು ಹುಡುಕುವುದು ಕಷ್ಟ.

ಅದಕ್ಕೆ ಕಾರಣ ಕೊರಳಿನ ಸುತ್ತ ಇರುವ ಆ ಉಂಗುರ, ಅಂದರೆ ಕ್ಲಚ್. ಅದರ ಮೇಲೆ 1ರಿಂದ 20ರವರೆಗೆ ಅಂಕಿಗಳಿವೆ, ಆಮೇಲೆ ಬಿಟ್‌ನ ಚಿತ್ರ, ಕೊನೆಗೆ ಸುತ್ತಿಗೆಯ ಚಿತ್ರ. ಒಳಗೆ ಒಂದು ಸ್ಪ್ರಿಂಗ್ ಸಣ್ಣ ಉಕ್ಕಿನ ಗುಂಡುಗಳನ್ನು ಗೇರಿನ ಮೈಯ ಉಬ್ಬುಗಳ ನಡುವೆ ಒತ್ತಿ ಹಿಡಿದಿರುತ್ತದೆ. ಸ್ಕ್ರೂ ಬಿಗಿಯಾಗಿ ಎದುರು ಬಲ ಹೆಚ್ಚಿದ ಕೂಡಲೇ ಗುಂಡುಗಳು ಉಬ್ಬಿನ ಮೇಲೆ ಹಾರುತ್ತವೆ, ಕಿರ್ರ್ ಎಂಬ ಸದ್ದು ಬರುತ್ತದೆ, ಮೋಟಾರು ತಿರುಗುತ್ತಿದ್ದರೂ ಬಿಟ್ ನಿಂತುಬಿಡುತ್ತದೆ. ಉಂಗುರ ತಿರುಗಿಸಿದಾಗ ನಾವು ಹೆಚ್ಚುಕಡಿಮೆ ಮಾಡುವುದು ಆ ಸ್ಪ್ರಿಂಗ್‌ನ ಬಿಗಿಯನ್ನು, ಅಷ್ಟೆ. ಆ ಅಂಕಿಗಳಿಗೆ ಯಾವ ಮಾನವೂ ಇಲ್ಲ. ನನ್ನ ಯಂತ್ರದ 4 ಇನ್ನೊಬ್ಬರ ಯಂತ್ರದಲ್ಲಿ 7 ಆಗಿರಬಹುದು.

ಇದನ್ನು ತಿಳಿಯುವ ಮೊದಲು ನಾನು ಒಂದು ಕಪಾಟಿನ ಬಾಗಿಲನ್ನು ಹಾಳು ಮಾಡಿದ್ದೇನೆ. ಪಾರ್ಟಿಕಲ್ ಬೋರ್ಡ್ ಅಂದರೆ ಅಂಟು ಹಾಕಿ ಒತ್ತಿದ ಮರದ ಚೂರು. ಸ್ಕ್ರೂ ತಲೆ ಬಾಗಿಲಿನ ಕೀಲಿಗೆ, ಅಂದರೆ ಹಿಂಜಿಗೆ, ತಾಗಿದ ಮೇಲೂ ಅರ್ಧ ಸುತ್ತು ಹೆಚ್ಚು ತಿರುಗಿದರೆ ಒಳಗಿನ ಎಳೆಯೆಲ್ಲ ಹಿಟ್ಟಾಗಿ, ಸ್ಕ್ರೂ ಬೆರಳಲ್ಲೇ ಹೊರಗೆ ಬರುತ್ತದೆ. ನಾನು ಉಂಗುರವನ್ನು ಬಿಟ್‌ನ ಚಿತ್ರದಲ್ಲಿಟ್ಟು ಗುಂಡಿ ಒತ್ತಿದ್ದೆ. ಮೂರು ಸ್ಕ್ರೂ ಹೋದವು, ನಾಲ್ಕನೆಯದರ ತಲೆ ತುಂಡಾಯಿತು. ಹಿಟ್ಟಾದ ತೂತುಗಳಿಗೆ ಬೆಂಕಿಕಡ್ಡಿಗಳ ಮದ್ದು ಕೆರೆದು, ಮರದ ಅಂಟು ಹಚ್ಚಿ, ತುರುಕಿ, ಒಂದು ರಾತ್ರಿ ಒಣಗಿಸಿ ಮತ್ತೆ ಸ್ಕ್ರೂ ಹಾಕಿದ್ದು ಇವತ್ತಿಗೂ ನಿಂತಿದೆ. ಅಂದಿನಿಂದ ಡ್ರಿಲ್‌ನ ಪೆಟ್ಟಿಗೆಯಲ್ಲೇ ಒಂದು ಸಣ್ಣ ಟಿಪ್ಪಣಿ ಪುಸ್ತಕ ಇದೆ. ಮೊದಲ ಸಾಲು: "ಕೀಲು, ಪಾರ್ಟಿಕಲ್ ಬೋರ್ಡ್, 3.5 × 16 ಸ್ಕ್ರೂ: 4." ಗಟ್ಟಿ ಮರಕ್ಕೆ 4 ಮಿಲಿಮೀಟರ್ ಸ್ಕ್ರೂ ಆದರೆ 11, ಅದೂ ಮೊದಲು 2.5ರ ಬಿಟ್‌ನಿಂದ ದಾರಿ ಮಾಡಿ, ಸ್ಕ್ರೂ ಎಳೆಗೆ ಒಂದಿಷ್ಟು ಮೇಣ ಸವರಿದ ಮೇಲೆ. ಹೊಸ ಹಲಗೆ ಬಂದರೆ 3ರಿಂದ ಶುರುಮಾಡಿ, ಸ್ಕ್ರೂ ಪೂರ್ತಿ ಕೂರುವ ಮುಂಚೆಯೇ ಕಿರ್ರ್ ಎಂದರೆ ಒಂದೊಂದೇ ಅಂಕಿ ಏರಿಸುತ್ತೇನೆ.

ಇನ್ನು ಆ ನೂರು ಸಾಮಾನಿನ ಪೆಟ್ಟಿಗೆ. ಅದರಲ್ಲಿ ನಾನು ಇಂದಿಗೂ ಬಳಸುತ್ತಿರುವುದು ಪೆಟ್ಟಿಗೆಯನ್ನು ಮಾತ್ರ. ಲೋಹಕ್ಕೆಂದು ಕೊಟ್ಟ ಸಣ್ಣ ಬಿಟ್‌ಗಳಲ್ಲಿ ಎರಡು ಮೊದಲ ವಾರವೇ ಮುರಿದವು, ಒಂದು ಮರದಲ್ಲಿಯೇ ಬಾಗಿತು. ನನ್ನ ವೃತ್ತಿಯ ಕಣ್ಣಿಗೆ ಹೆಚ್ಚು ಚುಚ್ಚಿದ್ದು ಸ್ಕ್ರೂ ತುದಿಗಳ ವಿಷಯ. ಪ್ಲಸ್ ಗುರುತಿನ ಹನ್ನೆರಡು ತುದಿಗಳು ಒಂದೇ ಸಾಲಿನಲ್ಲಿ ಕೂತಿದ್ದವು, ಎಲ್ಲವೂ ಒಂದೇ ಜಾತಿ ಎಂಬಂತೆ. ಭೂತಗನ್ನಡಿ ಹಿಡಿದು ನೋಡಿದೆ. ಆರರ ಮೇಲೆ "ಪಿಎಚ್", ಆರರ ಮೇಲೆ "ಪಿಜ಼ೆಡ್" ಎಂಬ ಅಕ್ಷರಗಳು. ಮೊದಲನೆಯದು ಫಿಲಿಪ್ಸ್, ಎರಡನೆಯದು ಪೋಜ಼ಿಡ್ರಿವ್. ಪೋಜ಼ಿಡ್ರಿವ್ ಸ್ಕ್ರೂ ತಲೆಯಲ್ಲಿ ಪ್ಲಸ್‌ನ ನಾಲ್ಕು ಗೆರೆಗಳ ನಡುವೆ ಇನ್ನೂ ನಾಲ್ಕು ಸಣ್ಣ ಗೀರುಗಳಿರುತ್ತವೆ. ಅದಕ್ಕೆ ಫಿಲಿಪ್ಸ್ ತುದಿ ಇಟ್ಟರೆ ಕೂತಂತೆ ಕಾಣುತ್ತದೆ, ಬಲ ಬಿದ್ದಾಗ ಜಾರಿ ತಲೆಯನ್ನು ಬಟ್ಟಲು ಮಾಡುತ್ತದೆ. ಒತ್ತಕ್ಷರದ ತಪ್ಪಿನ ಹಾಗೆ: ದೂರಕ್ಕೆ ಗೊತ್ತಾಗುವುದಿಲ್ಲ, ಓದಲು ಹೋದಾಗ ಎಡವುತ್ತೀರಿ. ಆ ಹನ್ನೆರಡನ್ನೂ ತೆಗೆದಿಟ್ಟು, ಒಳ್ಳೆಯ ಉಕ್ಕಿನ ಪಿಎಚ್2 ಮತ್ತು ಪಿಜ಼ೆಡ್2 ಎರಡೆರಡು ಕೊಂಡೆ. ಎರಡೂವರೆ ವರ್ಷದಲ್ಲಿ ಸವೆದದ್ದು ಒಂದೇ ಒಂದು. ನೂರು ಸಾಮಾನು ಎಂಬ ಅಂಕಿಗೆ ಮರುಳಾಗದೆ, ಬರಿಯ ಯಂತ್ರ ಕೊಂಡು ಉಳಿದ ಹಣಕ್ಕೆ ಐದಾರು ಒಳ್ಳೆಯ ಬಿಟ್ ತರಬೇಕಿತ್ತು.

ಈಗ ಏಣಿಗೆ ಮರಳೋಣ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ "ನಿಮಿಷಕ್ಕೆ 25,500 ಪೆಟ್ಟು" ಎಂದಿದೆ. ಓದಿದವರಿಗೆ ಕಲ್ಲುಬಂಡೆಯೂ ಹೆದರೀತು ಅನ್ನಿಸಬೇಕು. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಗರಿಷ್ಠ ವೇಗ 1,700 ಸುತ್ತು. ಭಾಗಿಸಿ ನೋಡಿದೆ: ಒಂದು ಸುತ್ತಿಗೆ 15 ಪೆಟ್ಟು. ಸುತ್ತಿಗೆಯ ಪೆಟ್ಟಲ್ಲ, ಸುತ್ತಿಗೆ ಹದಿನೈದರಂತೆ ಪೆಟ್ಟು! ಒಳಗಿರುವುದು ಹಲ್ಲುಗಳ ಎರಡು ಬಿಲ್ಲೆಗಳು, ನಾಣ್ಯದ ಅಂಚಿನಂಥವು. ನಾವು ಒತ್ತಿದಾಗ ಒಂದು ಇನ್ನೊಂದರ ಮೇಲೆ ಜಾರಿ ಟಕಟಕ ಎಂದು ಹಾರುತ್ತದೆ. ಹಾರುವ ಎತ್ತರ ಕಣ್ಣಿಗೆ ಕಾಣದಷ್ಟು ಕಡಿಮೆ. ಪೆಟ್ಟಿನ ಲೆಕ್ಕ ಎಷ್ಟಿದ್ದರೇನು, ಪ್ರತಿ ಪೆಟ್ಟಿನಲ್ಲಿ ಹುರುಳಿಲ್ಲ.

ಇಟ್ಟಿಗೆಗೆ ಇಷ್ಟು ಸಾಕು, ಗಾರೆಗಂತೂ ಹೆಚ್ಚೇ ಆಯಿತು. ಆದರೆ ಕಿಟಕಿಯ ಮೇಲೆ ಇದ್ದದ್ದು ಕಾಂಕ್ರೀಟ್ ಲಿಂಟಲ್, ಅಂದರೆ ಮೇಲಿನ ಗೋಡೆಯನ್ನು ಹೊರುವ ಅಡ್ಡತೊಲೆ. 12 ಮಿಲಿಮೀಟರ್ ಗಾರೆ ದಾಟಿದ ಮೇಲೆ ಬಿಟ್‌ಗೆ ಸಿಕ್ಕಿದ್ದು ಒಂದು ಜಲ್ಲಿಕಲ್ಲು. ಈ ಯಂತ್ರ ಅದನ್ನು ಒಡೆಯಲಿಲ್ಲ, ಉಜ್ಜಿ ಹೊಳಪು ಕೊಟ್ಟಿತು. ಆ ಕಾವಿಗೆ ಬಿಟ್‌ನ ತುದಿಯಲ್ಲಿ ಬೆಸುಗೆ ಹಾಕಿದ ಕಾರ್ಬೈಡ್ ಚೂರು ಸಡಿಲಗೊಂಡು ಮರುದಿನ ಉದುರಿತು.

ಪಕ್ಕದ ಮನೆಯ ಹಿರಿಯರು ಸದ್ದು ಕೇಳಿಯೇ ರೋಗ ಹೇಳಿದರು. ಅವರ ಬಳಿ ತಂತಿಯ ರೋಟರಿ ಹ್ಯಾಮರ್ ಇದೆ. ಅದರ ಬಿಟ್‌ಗಳ ಬುಡವೇ ಬೇರೆ, 10 ಮಿಲಿಮೀಟರ್ ದಪ್ಪದ ಕಾಂಡದಲ್ಲಿ ಉದ್ದ ತೋಡುಗಳಿರುತ್ತವೆ. ಬಾಷ್ ಕಂಪನಿ 1975ರಲ್ಲಿ ತಂದ, ಬಿಟ್ ಕೂರಿಸುವ ಎಸ್‌ಡಿಎಸ್ ಪದ್ಧತಿಯ ಸಂತತಿ ಅದು. ಚಕ್ ಬಿಟ್ಟನ್ನು ಕಚ್ಚಿ ಹಿಡಿಯುವುದಿಲ್ಲ, ಹಿಂದೆ ಮುಂದೆ ಜಾರಲು ಬಿಡುತ್ತದೆ. ಒಳಗೆ ಪಿಸ್ಟನ್ ಒಂದು ಗಾಳಿಯನ್ನು ಒತ್ತಿ, ಆ ಗಾಳಿ ಉಕ್ಕಿನ ಗುಂಡನ್ನು ಚಿಮ್ಮಿಸಿ ಬಿಟ್‌ನ ಬೆನ್ನಿಗೆ ಬಡಿಯುತ್ತದೆ. ಪೆಟ್ಟು ಕಡಿಮೆ, ಆದರೆ ಒಂದೊಂದೂ ನಿಜವಾದ ಪೆಟ್ಟು. ಹಳೆಯ ಅಭ್ಯಾಸದಂತೆ ನಾನು ಒರಗಿ ಒತ್ತಿದೆ. "ಒತ್ತಬೇಡಮ್ಮಾ, ಸುಮ್ಮನೆ ಹಿಡಿದುಕೋ. ಅದರ ಕೆಲಸ ಅದು ಮಾಡುತ್ತದೆ" ಎಂದರು. ನಾಲ್ಕು ತೂತುಗಳೂ ಸೇರಿ ಎರಡು ನಿಮಿಷವೂ ಹಿಡಿಯಲಿಲ್ಲ. ಬೇಸರ ಬಂದದ್ದು ಯಂತ್ರ ಸೋತದ್ದಕ್ಕಲ್ಲ, ಡಬ್ಬ ಹೇಳಿದ ಸುಳ್ಳಲ್ಲದ ಸುಳ್ಳಿಗೆ.

ಇಟ್ಟಿಗೆಯ ಗೋಡೆಯಲ್ಲಿ ನನ್ನ ಯಂತ್ರದ ಮರ್ಯಾದೆ ಉಳಿದಿದೆ ಎಂದೂ ಹೇಳಬೇಕು. ಟಿಪ್ಪಣಿ ಪುಸ್ತಕದ ಪ್ರಕಾರ 6 ಮಿಲಿಮೀಟರ್‌ನ 41 ತೂತು ಕೊರೆದಿದ್ದೇನೆ, ಹಾಳಾದದ್ದು ಮೂರು. ಸ್ಕ್ರೂ ಹಿಡಿದು ನಿಲ್ಲಲು ತೂತಿಗೆ ತುರುಕುವ 6ರ ಪ್ಲಾಸ್ಟಿಕ್ ಪ್ಲಗ್‌ಗೆ 6ರ ಬಿಟ್, ಪ್ಲಗ್‌ಗಿಂತ 10 ಮಿಲಿಮೀಟರ್ ಹೆಚ್ಚು ಆಳ, ಆಳದ ಗುರುತಿಗೆ ಬಿಟ್ ಮೇಲೆ ಒಂದು ಸುತ್ತು ಟೇಪು, ಪುಡಿ ಬೀಳಲು ತೂತಿನ ಕೆಳಗೆ ಮಡಿಸಿ ಅಂಟಿಸಿದ ಕಾಗದ. ರದ್ದಾದ ಕರಡು ಹಾಳೆಗಳಿಗೆ ಇದಕ್ಕಿಂತ ಒಳ್ಳೆಯ ಗತಿ ನಾನು ಕಂಡಿಲ್ಲ. ಮೂರು ಹಾಳಾದದ್ದು ಒಳಗಿನ ಪುಡಿ ತೆಗೆಯದೆ ಪ್ಲಗ್ ಬಡಿದದ್ದರಿಂದ. ಜರ್ಮನಿಯ ಆವಿಷ್ಕಾರಕ ಆರ್ಟುರ್ ಫಿಷರ್ 1958ರಲ್ಲಿ ರೂಪಿಸಿದ ನೈಲಾನ್ ಪ್ಲಗ್ ಸ್ಕ್ರೂ ಒಳಹೊಕ್ಕಂತೆ ಹಿಗ್ಗಿ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ನಡುವೆ ಪುಡಿ ಇದ್ದರೆ ಅದು ಹಿಡಿಯುವುದು ಪುಡಿಯನ್ನೇ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಅಕ್ಕಪಕ್ಕ ಮಾತ್ರ ನಾನು ಬಿಟ್ ಇಡುವುದೇ ಇಲ್ಲ, ಅಲ್ಲಿ ತಂತಿ ಹೋಗಿರುತ್ತದೆ.

ಬ್ಯಾಟರಿಯ ಬಗ್ಗೆ ದೂರಿಲ್ಲ, ಒಂದು ಲೆಕ್ಕವಿದೆ. ಒಳಗಿರುವುದು 3.6 ವೋಲ್ಟ್‌ನ ಐದು ಲಿಥಿಯಂ ಕೋಶಗಳ ಸಾಲು, ಐದು ಸೇರಿ 18. ಪೂರ್ತಿ ತುಂಬಿದಾಗ ಒಂದೊಂದು ಕೋಶ 4.2ರವರೆಗೆ ಏರುವುದರಿಂದ ಇದೇ ಬಗೆಯ ಬ್ಯಾಟರಿಯನ್ನು ಕೆಲವರು 20 ವೋಲ್ಟ್ ಎಂದು ಮಾರುತ್ತಾರೆ. 18 ಬಿಟ್ಟು 20 ಕೊಳ್ಳಬೇಕಿತ್ತೇ ಎಂದು ನಾನು ಒಂದು ವಾರ ಕೊರಗಿದ್ದೆ, ಸುಮ್ಮನೆ. ನೋಡಬೇಕಾದದ್ದು ಬ್ಯಾಟರಿ ಎಷ್ಟು ತುಂಬಿಕೊಳ್ಳುತ್ತದೆಂದು ಹೇಳುವ ಆಂಪಿಯರ್ ಗಂಟೆಯನ್ನು. ನನ್ನದು 2, ಅಂದರೆ 36 ವಾಟ್ ಗಂಟೆ. ಮನೆಗೆಲಸಕ್ಕೆ ಧಾರಾಳ. ಒಂದು ಖಾಲಿಯಾಗುವ ಹೊತ್ತಿಗೆ ನನ್ನ ತಾಳ್ಮೆಯೂ ಮುಗಿದಿರುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ತುಂಬಿಸಿ ಇಡುತ್ತೇನೆ, ಪೂರ್ತಿ ತುಂಬಿಸಿ ಬಿಸಿಲು ಬೀಳುವ ಕಡೆ ಇಡುವುದಿಲ್ಲ. ಎರಡೂ ಬ್ಯಾಟರಿ ಇನ್ನೂ ಚೆನ್ನಾಗಿವೆ.

ಒಂದೂವರೆ ವರ್ಷಕ್ಕೆ ಒಂದು ತೊಂದರೆ ಕಾಣಿಸಿತು. ಬಿಟ್‌ನ ತುದಿ ತಿರುಗುವಾಗ ಸಣ್ಣ ವೃತ್ತ ಬರೆಯತೊಡಗಿತು, 3 ಮಿಲಿಮೀಟರ್ ಬಿಟ್‌ನಿಂದ ಮರದಲ್ಲಿ 4ರ ತೂತು. ಬಿಟ್ ಬಾಗಿದೆಯೇ ಎಂದು ಗಾಜಿನ ಮೇಲೆ ಉರುಳಿಸಿ ನೋಡಿದೆ, ನೆಟ್ಟಗಿತ್ತು. ಚಕ್ ಹಿಡಿದು ಅಲ್ಲಾಡಿಸಿದರೆ ಸಡಿಲು ಹಲ್ಲಿನ ಹಾಗೆ ಅಲುಗುತ್ತಿತ್ತು. ಬ್ಯಾಟರಿ ತೆಗೆದು, ಚಕ್‌ನ ದವಡೆಗಳನ್ನು ಪೂರ್ತಿ ತೆರೆದು ಟಾರ್ಚ್ ಬಿಟ್ಟಾಗ ತಳದಲ್ಲಿ ಒಂದು ಸ್ಕ್ರೂ ತಲೆ ಕಂಡಿತು. ಬಲಕ್ಕೆ ತಿರುಗಿಸಿದೆ, ಇನ್ನಷ್ಟು ಸಡಿಲವಾಯಿತು. ಅದು ಎಡಗೈ ಎಳೆಯ ಸ್ಕ್ರೂ, ಎಡಕ್ಕೆ ತಿರುಗಿಸಿದರೆ ಬಿಗಿಯುವಂಥದ್ದು. ಯಂತ್ರವನ್ನು ಹಿಂದಕ್ಕೆ ತಿರುಗಿಸುವಾಗ ಚಕ್ ಕಳಚಿಕೊಳ್ಳಬಾರದೆಂದು ಬೇಕೆಂದೇ ಉಲ್ಟಾ ಮಾಡಿರುತ್ತಾರೆ. ಚಕ್ಕನ್ನು ಕೈಯಲ್ಲಿ ಬಿಗಿದು, ಆ ಸ್ಕ್ರೂವನ್ನು ಎಡಕ್ಕೆ ತಿರುಗಿಸಿ ಬಿಗಿದೆ. ಅಲುಗಾಟ ನಿಂತಿತು. ಕೈಪಿಡಿಯ 38 ಪುಟಗಳಲ್ಲಿ ಇದರ ಸುದ್ದಿ ಒಂದು ಸಾಲೂ ಇಲ್ಲ, "ಎಚ್ಚರಿಕೆ" ಎಂಬ ಪದದಲ್ಲಿ ಮಾತ್ರ ಎರಡು ಕಡೆ ಅಚ್ಚಿನ ತಪ್ಪಿದೆ.

ಉಳಿದದ್ದು ಚಿಲ್ಲರೆ ಮಾತು. ಬ್ಯಾಟರಿ ಸೇರಿ ತೂಕ ಒಂದೂವರೆ ಕಿಲೋ, ತಲೆಯ ಮೇಲೆ ಕೈಯೆತ್ತಿ ಹಿಡಿದರೆ ಐದು ನಿಮಿಷಕ್ಕೆ ಭುಜ ದೂರುತ್ತದೆ. ಗುಂಡಿಯ ಮೇಲಿನ ದೀಪ ಸರಿಯಾಗಿ ಕೆಲಸದ ಜಾಗಕ್ಕೆ ಚಕ್‌ನ ನೆರಳು ಹಾಕುತ್ತದೆ. ಗಾಳಿಕಿಂಡಿಯಲ್ಲಿ ನೀಲಿ ಕಿಡಿ ಕಂಡರೆ ಗಾಬರಿ ಬೇಡ, ಬ್ರಷ್ ಇರುವ ಮೋಟಾರಿನ ಸ್ವಭಾವ ಅದು. ಗುಂಡಿಯನ್ನು ಎಷ್ಟು ಒತ್ತಿದರೆ ಅಷ್ಟೇ ವೇಗ ಬರುವ ನಾಜೂಕು ಮಾತ್ರ ಮೆಚ್ಚುವಂಥದ್ದು, ಸ್ಕ್ರೂ ಮೊದಲ ಎರಡು ಸುತ್ತು ನಿಧಾನವಾಗಿ ಕಚ್ಚಿಕೊಳ್ಳುತ್ತದೆ.

ಮತ್ತೆ ಕೊಳ್ಳುವುದಾದರೆ ಸುತ್ತಿಗೆಯ ಚಿತ್ರವಿಲ್ಲದ ಡ್ರಿಲ್ ಕೊಳ್ಳುತ್ತೇನೆ. ಆ ಹಲ್ಲುಬಿಲ್ಲೆಗಳಿಲ್ಲದೆ ಮೂತಿ ಗಿಡ್ಡ, ತೂಕ ಕಡಿಮೆ, ಕಪಾಟಿನ ಒಳಮೂಲೆಗೆ ಕೈ ಹೋಗುತ್ತದೆ. ಗೋಡೆಯ ಕೆಲಸ ಹೆಚ್ಚಿರುವವರು ಜೊತೆಗೊಂದು ಸಣ್ಣ ರೋಟರಿ ಹ್ಯಾಮರ್ ಇಟ್ಟುಕೊಳ್ಳಲಿ. ನನಗೆ ಆ ಚಿಂತೆಯಿಲ್ಲ. ಪಕ್ಕದ ಮನೆಯವರ ಯಂತ್ರ ಹೋದ ವಾರದಿಂದ ನಮ್ಮ ಮನೆಯಲ್ಲೇ ಇದೆ. ಅವರ ಅಡುಗೆಮನೆಯ ಕಪಾಟಿನ ಕೀಲು ಬಿಗಿಯಲು ನನ್ನದು ಅವರಲ್ಲಿದೆ, ಉಂಗುರವನ್ನು 4ಕ್ಕೆ ತಿರುಗಿಸಿ ಮೇಲೊಂದು ಟೇಪು ಅಂಟಿಸಿಯೇ ಕೊಟ್ಟಿದ್ದೇನೆ.