ಬೈನಾಕ್ಯುಲರೋ, ಟೆಲಿಸ್ಕೋಪೋ? ಕಾರವಾರದಲ್ಲೂ ಶಿರಸಿಯಲ್ಲೂ ನೋಡಿ ಹೇಳ್ತಿದ್ದೇನೆ

ಬಾಹ್ಯಾಕಾಶದ ಕಥೆ, ಸಿನಿಮಾ ಅಂದ್ರೆ ಪ್ರಾಣ ಅನ್ನುವವರಿಗೆ ಆ ಲೋಕಗಳನ್ನು ಕಣ್ಣಾರೆ ನೋಡುವ ಆಸೆ ಹುಟ್ಟಿಯೇ ಹುಟ್ಟುತ್ತದೆ. ನನ್ನ ಹತ್ತಿರ 10×50 ಬೈನಾಕ್ಯುಲರ್ ಇದೆ. ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಅಗಲದ ಲೆನ್ಸ್ ಇರುವಂಥದ್ದು. ಜೊತೆಗೆ 70 ಮಿ.ಮೀ. ಲೆನ್ಸಿನ ಟೆಲಿಸ್ಕೋಪ್. ಎರಡನ್ನೂ ಕಾರವಾರದ ಟ್ಯಾಗೋರ್ ಕಡಲತೀರದಲ್ಲೂ, ಶಿರಸಿ ಹತ್ತಿರದ ಮಾವನ ಮನೆ ಅಂಗಳದಲ್ಲೂ ಬಳಸಿದ್ದೇನೆ. ಒಂದನ್ನೇ ಕೊಳ್ಳುವುದಾದರೆ ಬೈನಾಕ್ಯುಲರ್ ಕೊಳ್ಳಿ.

ಗುರು ಗ್ರಹದಿಂದ ಶುರು ಮಾಡೋಣ. ಮೊಣಕೈ ಗೋಡೆಗೆ ಊರಿ ಬೈನಾಕ್ಯುಲರ್ ಹಿಡಿದರೆ ಗುರುವಿನ ಅಕ್ಕಪಕ್ಕ ಸಣ್ಣ ಚುಕ್ಕೆಗಳು ಸಾಲಾಗಿ ಕಾಣುತ್ತವೆ. 1610ರಲ್ಲಿ ಗೆಲಿಲಿಯೋ ಕಂಡ ಅದೇ ಚಂದ್ರರು. ಕ್ಯಾಲಿಸ್ಟೋ, ಗ್ಯಾನಿಮೀಡ್ ಸಲೀಸು. ಐಯೋ ಗುರುವಿನ ಹೊಳಪಿನಲ್ಲಿ ಆಗಾಗ ಮುಚ್ಚಿಹೋಗುತ್ತದೆ. ಅದು ಸುಮಾರು 42 ಗಂಟೆಗೆ ಒಂದು ಸುತ್ತು ಹಾಕುವುದರಿಂದ ಮರುದಿನ ನೋಡಿದರೆ ಜಾಗವೇ ಬೇರೆ. ಯುರೋಪಾ ಸಿಕ್ಕ ರಾತ್ರಿ ನನಗೆ ಹಬ್ಬ. ಹಿಮದ ಕೆಳಗೆ ಸಮುದ್ರ ಇರಬಹುದು ಅನ್ನುವ ಆ ಚುಕ್ಕೆಯ ಕಡೆಗೆ 2024ರ ಅಕ್ಟೋಬರ್‌ನಲ್ಲಿ ನಾಸಾದ ಯುರೋಪಾ ಕ್ಲಿಪ್ಪರ್ ನೌಕೆ ಹೊರಟಿದೆ. 2030ಕ್ಕೆ ಗುರುವನ್ನು ಮುಟ್ಟಬೇಕು. ಟೆಲಿಸ್ಕೋಪ್‌ನಲ್ಲಿ ಇವು ಇನ್ನೂ ಬಿಡಿಬಿಡಿಯಾಗಿ ಕಾಣುತ್ತವೆ, ಗುರುವಿನ ಮೇಲಿನ ಪಟ್ಟಿಯೂ ಕಾಣುತ್ತದೆ. ಆದರೆ ಸ್ಟ್ಯಾಂಡ್ ಹೊತ್ತು, ಮರಳಲ್ಲಿ ಊರಿ, ಗುರಿ ಹಿಡಿಯುವಷ್ಟರಲ್ಲಿ ಮೋಡ ಬಂದಿರುತ್ತದೆ. ಕರಾವಳಿ ಅಲ್ವಾ!

ಪಕ್ಕದಲ್ಲಿ ಆಡುವ ಮಕ್ಕಳು "ಅಣ್ಣಾ, ಎಂತ ಕಾಣ್ತದೆ?" ಅಂತ ಓಡಿ ಬಂದರೆ ಬೈನಾಕ್ಯುಲರನ್ನು ಕೊರಳಿಗೆ ಹಾಕಿ ಕೊಟ್ಟರಾಯಿತು. ಟೆಲಿಸ್ಕೋಪ್ ಹಾಗಲ್ಲ. ಭೂಮಿ ತಿರುಗುತ್ತಲೇ ಇರುವುದರಿಂದ 70 ಪಟ್ಟು ದೊಡ್ಡದಾಗಿ ನೋಡುವಾಗ ಗ್ರಹ ಒಂದೆರಡು ನಿಮಿಷದಲ್ಲಿ ಜಾರಿಹೋಗುತ್ತದೆ. ಪ್ರತಿ ಮಗುವಿಗೂ ಮತ್ತೆ ಹುಡುಕಿ ಕೊಡಬೇಕು.

ಆದರೂ ಶನಿಯ ವಿಷಯದಲ್ಲಿ ಟೆಲಿಸ್ಕೋಪ್‌ಗೆ ಸಾಟಿಯಿಲ್ಲ. ಬೈನಾಕ್ಯುಲರ್‌ನಲ್ಲಿ ಶನಿ ಬರೀ ಹಳದಿ ಚುಕ್ಕೆ. ಟೆಲಿಸ್ಕೋಪ್‌ನಲ್ಲಿ ಉಂಗುರ! 2025ರಲ್ಲಿ ಉಂಗುರದ ಅಂಚು ಭೂಮಿಯ ಕಡೆಗೇ ತಿರುಗಿದ್ದರಿಂದ ತೆಳ್ಳಗೆ ಗೆರೆಯಾಗಿತ್ತು. ಅದಾದ ಮೇಲೆ ಮತ್ತೆ ನಿಧಾನವಾಗಿ ಅಗಲವಾಗುತ್ತದೆ. ಶಿರಸಿ ಕಡೆಯ ಕತ್ತಲಲ್ಲಿ ಪಕ್ಕದ ಟೈಟನ್ ಕೂಡ ಸಿಗುತ್ತದೆ. 2005ರ ಜನವರಿ 14ರಂದು ಹೊಯ್ಗೆನ್ಸ್ ನೌಕೆ ಇಳಿದ ಚಂದ್ರ ಅದು. ಆ ಮಸುಕು ಚುಕ್ಕೆ ನೋಡುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮ ಚಂದ್ರನಿಗೂ ಟೆಲಿಸ್ಕೋಪೇ ಸರಿ. ಚಂದ್ರಯಾನ-3 ಇಳಿದದ್ದು ಸುಮಾರು 69 ಡಿಗ್ರಿ ದಕ್ಷಿಣದಲ್ಲಿ, ಮ್ಯಾಂಜಿನಸ್ ಕುಳಿಯ ಆಸುಪಾಸಿನಲ್ಲಿ. ನೌಕೆ ಕಾಣದು, ಆ ಪ್ರದೇಶ ಗುರುತಿಸಬಹುದು. ಐಪೀಸ್‌ಗೆ (ಕಣ್ಣಿಡುವ ಲೆನ್ಸಿಗೆ) ಮೊದಲು ಬೆಳಕು ತಿರುಗಿಸುವ ಕನ್ನಡಿ ಹಾಕಿದ್ದರೆ ಎಡ ಬಲ ಅದಲುಬದಲು ಇರುತ್ತದೆ, ನಕ್ಷೆ ಹಿಡಿದು ನೋಡುವವರು ಗಮನಿಸಿ.

ದಕ್ಷಿಣದ ಆಕಾಶಕ್ಕೆ ಕಾರವಾರ, ಬೈನಾಕ್ಯುಲರ್ ಜೋಡಿಯೇ ಚಂದ. ಮೇ ತಿಂಗಳಲ್ಲಿ ರಾತ್ರಿ ಹತ್ತೂವರೆ ಸುಮಾರಿಗೆ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ದಕ್ಷಿಣದಲ್ಲಿ 28 ಡಿಗ್ರಿ ಎತ್ತರಕ್ಕೆ ಬರುತ್ತದೆ. ಬಂದರಿನ ದೀಪಗಳಿಗಿಂತ ಸಾಕಷ್ಟು ಮೇಲೆ. ಸುಮಾರು ಒಂದು ಕೋಟಿ ನಕ್ಷತ್ರಗಳ ಉಂಡೆ, ಮಂಜಿನ ಚುಕ್ಕೆಯಂತೆ ಕಾಣುತ್ತದೆ. ಮಾವನ ಮನೆಯಲ್ಲಿ ಕತ್ತಲೇನೋ ಜಾಸ್ತಿ, ಆದರೆ ದಕ್ಷಿಣಕ್ಕೆ ಅಡಿಕೆ ತೋಟ ಅಡ್ಡ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಎರಡೂ ಬೇಡ. 400 ಕಿ.ಮೀ. ಮೇಲೆ ಗಂಟೆಗೆ 28,000 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಬರಿಗಣ್ಣೇ ಸಾಕು.

ಇನ್ನು ಉಪ್ಪುಗಾಳಿ ಮತ್ತು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಸಿಗುವುದೇ ಅಪರೂಪ, ಲೆನ್ಸಿಗೆ ಬೂಸ್ಟು ಹಿಡಿಯುವ ಕಾಲವೂ ಅದೇ. ಬೈನಾಕ್ಯುಲರ್ ಗಾಳಿಯಾಡದ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕೂರುತ್ತದೆ. ಟೆಲಿಸ್ಕೋಪ್‌ಗೆ ಅಷ್ಟುದ್ದದ ಡಬ್ಬಿ ಎಲ್ಲಿ ತರೋಣ? ಕೊಳ್ಳುವಾಗ 20×50 ಅಂತ ಬರೆದದ್ದಕ್ಕೆ ಆಸೆ ಪಡಬೇಡಿ. ಅಷ್ಟು ಪಟ್ಟಿಗೆ ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ, ಸ್ಟ್ಯಾಂಡ್ ಇಲ್ಲದೆ ಆಗದು. 7×50 ಅಥವಾ 10×50 ತಗೊಳ್ಳಿ.